ತೆರೆದು ನೋಡದೆ ಸಹಿ ಮಾಡದ ಕಾಕಾ

ಚನ್ನಬಸು ಕಾಕಾ ಯಾರ ಕೈಯಿಂದಲೂ ಮುಚ್ಚಿದ ಡಬ್ಬಿ ತೆಗೆದುಕೊಂಡವರಲ್ಲ. ನಾನು ಹತ್ತನೆಯ ತರಗತಿ ಪಾಸಾದಾಗ ಅವ್ವ ಪೇಢೆಯ ಪೆಟ್ಟಿಗೆ ಹಿಡಿದು, ಕೆಳಗಿನ ಮಾಳಿಗೆಯಲ್ಲಿದ್ದ ಅವರ ಮನೆಗೆ ನನ್ನನ್ನು ಕರೆದುಕೊಂಡು ಹೋದಳು. ಬೇರೆ ಯಾರಾದರೂ ಆಗಿದ್ದರೆ ನಕ್ಕು, ನಾಲ್ಕು ಒಳ್ಳೆಯ ಮಾತಾಡಿ, ಪೆಟ್ಟಿಗೆಯನ್ನು ಫ್ರಿಜ್ಜಿನ ಮೇಲಿಡುತ್ತಿದ್ದರು. ಕಾಕಾ ಬಾಗಿಲಲ್ಲೇ ನಿಂತು ದಾರ ಬಿಚ್ಚಿದರು, ಮುಚ್ಚಳ ತೆರೆದರು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಒಳಗೆ ನೋಡಿದರು. "ಹನ್ನೆರಡು ಅದಾವ. ಒಂದು ಒಡದದ. ನಡೀತದ, ಸ್ವೀಕಾರ" ಎಂದು ಒಡೆದದ್ದನ್ನು ಬಾಯಿಗೆ ಹಾಕಿಕೊಂಡರು. ಅವ್ವ ಒಂದು ವಾರ ಅವರ ಮನೆಯ ಕಡೆ ಮುಖ ಹಾಕಲಿಲ್ಲ.

ಅದು ಅವರ ವೃತ್ತಿಯಿಂದ ಬಂದ ಗುಣ. ಇಂಡಿ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ವಯಸ್ಸಿಗೆ ಬಂದು, ಪುಣೆ ಪಕ್ಕದ ಚಿಂಚವಾಡದ ಒಂದು ಬಿಡಿಭಾಗದ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷದ ಮೇಲೆ ಮಾಲು ಇಳಿಸಿಕೊಂಡವರು. ಸೇರಿದ ಹೊಸದರಲ್ಲಿ ಒಂದು ದಿನ ಬೋಲ್ಟಿನ ಪೆಟ್ಟಿಗೆಗಳು ಬಂದವಂತೆ. ಮಾಲಿನ ಜೊತೆ ಬಂದ ಚಲನ್ನಿನಲ್ಲಿ ಬರೆದಷ್ಟೇ ಪೆಟ್ಟಿಗೆ, ಬರೆದಷ್ಟೇ ತೂಕ. ಕಾಕಾ ಸಹಿ ಹಾಕಿದರು. ಮರುದಿನ ಬಿಚ್ಚಿದರೆ ಒಳಗೆ ಬೇರೆಯೇ ಅಳತೆಯ ಬೋಲ್ಟು. ಅರ್ಧ ದಿನ ಯಂತ್ರಗಳು ನಿಂತವು. ಇಡೀ ಪಾಳಿಯ ಜನ ಕೈಕಟ್ಟಿಕೊಂಡು ಇವರ ಮುಖವನ್ನೇ ನೋಡುತ್ತ ನಿಂತರು. ಈ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೊನೆಗೆ ಬರುವ ಮಾತು ಮಾತ್ರ ಒಂದು ಸಲವೂ ಬದಲಾಗಲಿಲ್ಲ: "ತೂಕ ಸರಿ ಇತ್ತು ತಂಗಿ. ಮಾಲು ಬ್ಯಾರೆ ಇತ್ತು."

ನಾನು ಚರ್ಚಾಸ್ಪರ್ಧೆಗಳಿಗೆ ತಯಾರಾಗುತ್ತಿದ್ದದ್ದು ಅವರ ಮನೆಯ ಮುಂದಿನ ಗ್ಯಾಲರಿಯಲ್ಲಿ. ನಾನು ಮರಾಠಿಯಲ್ಲಿ ಭಾಷಣ ಹೊಡೆಯುತ್ತಿದ್ದೆ. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳಿ, ಕನ್ನಡದಲ್ಲಿ ತೀರ್ಪು ಕೊಡುತ್ತಿದ್ದರು. "ದನಿ ಭಾಳ ಛಲೋ ಅದ. ಡಬ್ಬ್ಯಾಗ ಏನದ?" ಅಷ್ಟೇ ತೀರ್ಪು. ಆಮೇಲೆ ಒಂದೊಂದೇ ವಾಕ್ಯಕ್ಕೆ ಸಾಕ್ಷಿ ಕೇಳುತ್ತಿದ್ದರು. ಎಲ್ಲಿ ಓದಿದಿ, ಯಾರು ಹೇಳಿದರು, ನೀ ಕಣ್ಣಾರೆ ನೋಡಿದಿಯೇನು. ನಾನು ಅಳುವ ಹಂತಕ್ಕೆ ಬಂದ ಮೇಲೆ, ಅವರ ಹೆಂಡತಿ ಗೌರಾ ಕಾಕು ಒಳಗಿನಿಂದ ಚಹಾ ತಂದು ಇಬ್ಬರ ನಡುವೆ ಇಡುತ್ತಿದ್ದಳು. ಮಕ್ಕಳಿಲ್ಲದ ಆ ಮನೆಯಲ್ಲಿ ನಾನು ದೇವರಿಂದ ಹಿಡಿದು ದೋಸೆ ಹಿಟ್ಟಿನವರೆಗೆ ಎಲ್ಲದರ ಮೇಲೂ ವಾದ ಹೂಡಿದ್ದೇನೆ. ಕಾನೂನು ಕಾಲೇಜು ಸೇರುವ ಎಷ್ಟೋ ಮೊದಲೇ ಕಾಕಾ ನನಗೆ ವಕೀಲಬಾಯಿ ಎಂದು ಹೆಸರಿಟ್ಟಾಗಿತ್ತು.

ಆ ಮನುಷ್ಯ ಒಂದು ಬೆಳಿಗ್ಗೆ ಹಾಲು ತರಲು ಹೋಗಿ ಮನೆಯ ದಾರಿ ಮರೆತರು. ಸೈಕಲ್ ತುಳಿದು ತುಳಿದು ಸವೆಸಿದ ದಾರಿ ಅದು. ಆಸ್ಪತ್ರೆಗೆ ಅವರೊಂದಿಗೆ ನಾನೇ ಹೋಗಿದ್ದೆ. ಮರೆವಿನ ಕಾಯಿಲೆ, ಮೆಲ್ಲಗೆ ಹೆಚ್ಚುತ್ತದೆ, ಎಂದು ಡಾಕ್ಟರು ಹೇಳಿದಾಗ ಕಾಕಾ ತಲೆ ಮುಂದೆ ಚಾಚಿ, ಡಬ್ಬಿ ತೆರೆದು ನೋಡದೆ ಹೇಗೆ ಹೇಳುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಡಾಕ್ಟರು ನಕ್ಕು, ತಲೆಯ ಒಳಗಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಾಕಾ ಬಹಳ ಹೊತ್ತು ನೋಡಿದರು.

ಅಂದಿನಿಂದ ಅವರು ದಿನಕ್ಕೊಂದು ಪುಟ ಬರೆಯತೊಡಗಿದರು. ಕಾರ್ಖಾನೆಯವರು ಆಫೀಸಿಗೆ ಹೊಸ ಕಂಪ್ಯೂಟರ್ ತರಿಸಿದಾಗ ಹಳೆಯದೊಂದನ್ನು ಕಾಕಾ ಮನೆಗೆ ತಂದಿಟ್ಟುಕೊಂಡಿದ್ದರು. ಅದರಲ್ಲಿ ಕನ್ನಡ ಬರೆಯುವ ವ್ಯವಸ್ಥೆಯನ್ನು ಬಾಗಲಕೋಟೆ ಕಡೆಯ ಯಾರೋ ಸಹೋದ್ಯೋಗಿ ಎಂದೋ ಮಾಡಿಕೊಟ್ಟಿದ್ದರಂತೆ. ಸಂಜೆ ದೀಪ ಹಚ್ಚಿದ ಮೇಲೆ ಎರಡು ಬೆರಳಲ್ಲಿ ಟಕಟಕ ಬಡಿಯುತ್ತ ಕೂಡುವರು. ಎಷ್ಟೋ ಸಲ ಅವರ ಹೆಗಲ ಮೇಲಿಂದ ಬಗ್ಗಿ ಓದಿ ನಕ್ಕಿದ್ದೇನೆ. "ನೀಲಿ ಗುಳಿಗಿ ಊಟದ ಮುಂಚೆ. ಕನ್ನಡಕ ಟೀವಿ ಮ್ಯಾಲೆ. ಗೌರಾಗ ಸಿಟ್ಟು ಬಂದದ. ಕಾರಣ ನಾನು. ಯಾಕಂತ ಮರ್ತೀನಿ, ಕೇಳಬಾರದು." ಮರುದಿನ ಬೆಳಿಗ್ಗೆ ಎದ್ದು, ಮುಖ ತೊಳೆದು, ಹಿಂದಿನ ಏಳು ಪುಟ ಓದಿದ ಮೇಲೆಯೇ ಅವರಿಗೆ ದಿನ ಶುರುವಾಗುತ್ತಿತ್ತು. "ಡ್ಯೂಟಿ ಮ್ಯಾಲೆ ಹಾಜರಾದೆ" ಎಂದು ಎದ್ದು ನಿಲ್ಲುವರು. ಓದುವ ಮೊದಲು ಅವರ ಕಣ್ಣಲ್ಲಿ ಒಂದು ಅಂಜಿಕೆ ಇರುತ್ತಿತ್ತು; ಓದಿದ ಮೇಲೆ ಅದು ಹೋಗುತ್ತಿತ್ತು. ನನ್ನನ್ನು ಬಿಟ್ಟರೆ ಬೇರೆ ಯಾರೂ ಆ ಪುಟಗಳನ್ನು ಓದುತ್ತಿರಲಿಲ್ಲ. ಗೌರಾ ಕಾಕು ಸೋಲಾಪುರದವಳು. ಮಾತು ಕನ್ನಡ, ಓದು ಬರಹ ಮರಾಠಿ.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಕಂಪ್ಯೂಟರೇ ಕೈಕೊಡತೊಡಗಿತು. ನಡುನಡುವೆ ಆರಿಹೋಗುತ್ತಿತ್ತು, ಮತ್ತೆ ಹತ್ತಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತಿತ್ತು. ಅದು ಸತ್ತರೆ ಕಾಕಾ ಯಾವ ಬೆಳಗಿಗೂ ಹಾಜರಾಗಲಾರರು ಎಂಬುದು ಮೂವರಿಗೂ ಗೊತ್ತಿತ್ತು. ನಾನು ಹೊಸ ಲ್ಯಾಪ್‌ಟಾಪ್ ಕೊಂಡಿದ್ದೆ. ಹಳೆಯದನ್ನು ಅವರಿಗೆ ಕೊಟ್ಟು ಪುಟಗಳನ್ನೆಲ್ಲ ಅದಕ್ಕೆ ದಾಟಿಸುವುದೆಂದು ತೀರ್ಮಾನವಾಯಿತು.

ಅದೊಂದು ಭಾನುವಾರ. ಮಧ್ಯಾಹ್ನ ಕಾಲೇಜಿನಲ್ಲಿ ಅಣಕು ನ್ಯಾಯಾಲಯದ ತಾಲೀಮು ಇತ್ತು. ಶಿವಾಜಿನಗರಕ್ಕೆ ಲೋಕಲ್ ರೈಲು ಹಿಡಿಯಬೇಕಿತ್ತು. ಪೆನ್‌ಡ್ರೈವಿಗೆ ಹಾಕಿಕೊಂಡು, ಅಲ್ಲಿಂದ ಲ್ಯಾಪ್‌ಟಾಪಿಗೆ ಇಳಿಸಿದೆ. ಕಾಕಾ ಪಕ್ಕದಲ್ಲಿ ಒಂದು ಚೀಟಿ ಹಿಡಿದು ಕೂತಿದ್ದರು. ಸ್ಟೋರಿನ ಕಾಲದ ರಸೀದಿ ಪುಸ್ತಕದ ಹಾಳೆ. ಅದರ ಮೇಲೆ ಚೆಂದದ ಅಕ್ಷರದಲ್ಲಿ ಬರೆದಿದ್ದರು: ಹಳೇ ಡಬ್ಬಿಯಿಂದ ಹೊಸ ಡಬ್ಬಿಗೆ, ಪುಟ ಏಳುನೂರ ಹದಿನಾಲ್ಕು, ತೆರೆದು ನೋಡಿ ತಗೊಂಡದ್ದು. ಕೆಳಗೆ ಸಹಿಗೆ ಜಾಗ.

"ಒಂದು ಪುಟಾ ತೆಗದು ತೋರ್ಸು" ಎಂದರು.

"ಏಳುನೂರ ಹದಿನಾಲ್ಕು ಅಲ್ಲಿ, ಏಳುನೂರ ಹದಿನಾಲ್ಕು ಇಲ್ಲಿ. ಗಾತ್ರನೂ ಎರಡೂ ಕಡೆ ಅಷ್ಟಕ್ಕಷ್ಟ. ಇನ್ನೇನು ಸಾಕ್ಷಿ ಬೇಕು ಕಾಕಾ?"

"ತೂಕ ಸರಿ ಅದ ಅಂದಂಗಾತು."

"ಇದು ಬೋಲ್ಟಲ್ಲ. ಮಿಷಿನ್ ನಕಲು ಮಾಡ್ತು ಅಂದ್ರ ನಕಲ ಅದು. ಮಿಷಿನ್ನಿಗೆ ಮರೆವು ಬರೂದಿಲ್ಲ."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಎಲ್ಲಿ ಹೋಗಿ ನಾಟಿತೆಂದು ತಿಳಿಯಿತು. ಹಿಂದೆ ತೆಗೆದುಕೊಳ್ಳಬಹುದಿತ್ತು. ಎರಡು ನಿಮಿಷ ಕೂತು ಒಂದು ಪುಟ ತೆರೆಯಬಹುದಿತ್ತು. ಆದರೆ ಎದುರಾಳಿ ಸುಮ್ಮನಾದಾಗ ಮುಂದಿನ ಅಂಶಕ್ಕೆ ಹೋಗಬೇಕೆಂದು ನನ್ನ ತರಬೇತಿ. ಕಾಕಾ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. ಸಹಿ ಹಾಕಲಿಲ್ಲ.

"ನೀ ಗೆದ್ದಿ, ವಕೀಲಬಾಯಿ."

ಆ ಹೊತ್ತಿಗೆ ಕೆಳಗೆ ಹಳೆಯ ಸಾಮಾನು ಒಯ್ಯುವ ಭಂಗಾರವಾಲಾನ ಕೂಗು ಕೇಳಿತು. ಒಂದೇ ಕೋಣೆ, ಒಂದು ಅಡುಗೆಮನೆ. ಆ ಕಂಪ್ಯೂಟರ್ ಮೇಜು ಹೋದರೆ ಕಾಕು ಕಾಲು ಚಾಚಿ ಮಲಗಬಹುದಿತ್ತು. ಗ್ಯಾಲರಿಯಿಂದ ಬಗ್ಗಿ ಅವನನ್ನು ಕರೆದವಳು ನಾನು. ತಂತಿಗಳನ್ನು ಕಿತ್ತು ಕೊಟ್ಟವಳೂ ನಾನು.

ಮರುದಿನ ಬೆಳಿಗ್ಗೆ ಕಾಕು ಮೇಲೆ ಬಂದಳು, ಬರಿಗಾಲಲ್ಲಿ. "ಬಾ ತಂಗಿ. ಇವರು ಹೆಂಗೋ ಮಾಡ್ಲಿಕತ್ತಾರ."

ಕಾಕಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ದೊಡ್ಡವು, ಸಣ್ಣವು, ನಡುವೆ ಪೌಂಡಿನ ಗುರುತು, ತಲೆಯ ಮೇಲೆ ಓರೆ ಗೀರು ಹೊತ್ತ ಎ, ಮತ್ತೆ ಅದೇ ಎ. ಒಂದು ಮುಚ್ಚಿ ಇನ್ನೊಂದು ತೆರೆದೆ. ಮತ್ತೊಂದು. ಇಪ್ಪತ್ತು ತೆರೆದೆ. ಎಲ್ಲ ಅದೇ.

ನನ್ನ ಮೊದಲ ಅನುಮಾನ ಯಂತ್ರದ ಮೇಲೆ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ನಾನು ವರ್ಷಗಟ್ಟಲೆ ಕನ್ನಡ ಸುದ್ದಿ ಓದಿದ್ದೆ. ಈಗಲೂ ಅದು ನೆಟ್ಟಗೆ ಕಾಣುತ್ತಿತ್ತು. ಹಾಗಾದರೆ ಯಂತ್ರ ಸರಿ ಇದೆ, ಪುಟಗಳು ಕೆಟ್ಟಿವೆ. ತರ್ಕಕ್ಕೆ ಒಂದು ಬಿರುಕೂ ಕಾಣಲಿಲ್ಲ. "ಫೈಲ್ ಕೆಟ್ಟಾವ ಕಾಕಾ. ಹೋದುವು" ಎಂದು ಹೇಳಿಯೂ ಬಿಟ್ಟೆ.

ಅವರು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಎದ್ದು ಹೋಗಿ ಗೋಡೆಯ ಕನ್ನಡ ಕ್ಯಾಲೆಂಡರ್ ಮುಂದೆ ನಿಂತು ಮೆಲ್ಲಗೆ ಓದಿದರು. ಸೋಮವಾರ. ಏಕಾದಶಿ. ಮತ್ತೆ ಬಂದು ಪರದೆ ನೋಡಿದರು.

"ಅದು ಓದ್ಲಿಕ್ಕೆ ಬರ್ತದ. ನಾ ಬರದದ್ದು ಬರವಲ್ದು." ನನ್ನ ಕಡೆ ತಿರುಗಿ ಕೇಳಿದರು, "ಹಂಗಾರ ಎರಡು ವರ್ಷ ನಾ ಇದನ್ನ ಬರೀತಿದ್ದೆನೇನು?"

ಇಲ್ಲ ಕಾಕಾ, ನೀವು ಚೆನ್ನಾಗಿ ಬರೆದಿದ್ದಿರಿ, ನಾನೇ ಓದಿದ್ದೇನೆ, ನೀಲಿ ಗುಳಿಗೆ, ಕಾಕುವಿನ ಸಿಟ್ಟು, ಎಲ್ಲ ಹೇಳಿದೆ.

"ಸಾಕ್ಷಿ?" ಎಂದರು ಕಾಕಾ. ಛೇಡಿಸುವ ದನಿಯಲ್ಲ ಅದು. ಬೇಡುವ ದನಿ. ಹೆಂಡತಿಗೆ ಕನ್ನಡ ಓದಲು ಬಾರದು. ಹುಡುಗಿ ಸಮಾಧಾನಕ್ಕೆ ಹೇಳುತ್ತಿರಬಹುದು. ತಲೆ ಯಾವಾಗಲೋ ಹೋಗಿದೆ, ದಿನಾ ಸಂಜೆ ಏನೇನೋ ಬಡಿಯುತ್ತ ಕೂಡುತ್ತಿದ್ದೆ, ಇವರೆಲ್ಲ ಹೌದು ಹೌದು ಎನ್ನುತ್ತ ಮುಚ್ಚಿಟ್ಟರು. ಅವರು ಹಾಗೆಂದು ನಂಬಿದರು. ಅದನ್ನು ಸುಳ್ಳೆಂದು ತೋರಿಸಬಲ್ಲ ಒಂದೇ ಒಂದು ವಸ್ತುವನ್ನು ನಾನು ಕೈಗಾಡಿಗೆ ಹಾಕಿ ಕಳಿಸಿದ್ದೆ.

ಆಮೇಲಿನ ಮೂರು ವಾರ ನಾನು ಕಾಲೇಜಿನ ಮುಖ ನೋಡಿದ್ದು ಕಡಿಮೆ. ಭಂಗಾರವಾಲಾನನ್ನು ಹುಡುಕಿ ಹಿಡಿದೆ. ಅವನು ಪಿಂಪ್ರಿಯ ಒಂದು ಅಂಗಡಿ ತೋರಿಸಿದ, ಅಂಗಡಿಯವರು ಚಿಖಲಿ ಕಡೆಯ ಗೋದಾಮಿಗೆ ಕಳಿಸಿದರು. ಅಲ್ಲಿ ತಗಡಿನ ಚಪ್ಪರದ ಕೆಳಗೆ ಕಂಪ್ಯೂಟರುಗಳ ಗುಡ್ಡ. ಬಿಚ್ಚಿ, ಹರಿದು, ತಾಮ್ರ ಬೇರೆ, ತಗಡು ಬೇರೆ. ನಾನು ಮೊಣಕಾಲೂರಿ ಒಂದೊಂದೇ ಡಬ್ಬಿ ಎತ್ತಿ ನೋಡುತ್ತಿದ್ದರೆ ಗೋದಾಮಿನವನು, ಹೋದವಾರದ ಮಾಲು ಹೋಗಿಯಾಯಿತು, ಯಾಕೆ ಕೈ ಕೊಯ್ದುಕೊಳ್ಳುತ್ತೀಯ, ಎಂದು ಹಿಂದಿಯಲ್ಲಿ ಬೈದ. ಪೆನ್‌ಡ್ರೈವಿನಲ್ಲಿದ್ದದ್ದೂ ಅದೇ ಕಸ. ಮನೆಯ ಹತ್ತಿರದ ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಫೈಲ್ ಕರಪ್ಟ್ ಆಗಿದೆ, ಬಿಟ್ಟುಬಿಡಿ ಎಂದರು.

ಬಿಡುವುದು ಹೇಗೆ? ಕಾಕಾಗೆ ಹಿಂದಿನ ದಿನದ ಆಘಾತ ಮರುದಿನಕ್ಕೆ ನೆನಪಿರುತ್ತಿರಲಿಲ್ಲ. ಎರಡು ವರ್ಷದ ರೂಢಿ ಮಾತ್ರ ಉಳಿದಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆದು ಪರದೆ ತೆರೆಯುವರು, ಅದನ್ನು ನೋಡುವರು, ಕ್ಯಾಲೆಂಡರಿಗೆ ಹೋಗುವರು, ತಿರುಗಿ ಬರುವರು, ಅದೇ ಪ್ರಶ್ನೆ ಕೇಳುವರು. ಲ್ಯಾಪ್‌ಟಾಪ್ ಬಚ್ಚಿಟ್ಟರೆ ಮನೆಯೆಲ್ಲ ಬಡಿದಾಡಿ ಹುಡುಕುತ್ತಿದ್ದರು. "ಒಮ್ಮೆ ಆಗೂ ದುಃಖ ಒಮ್ಮೆ ಆಗ್ತದ ತಂಗಿ. ಇವರಿಗೆ ದಿನಾ ಮುಂಜಾನೆ ಹೊಸದಾಗಿ ಆಗ್ಲಿಕತ್ತದ" ಎಂದು ಕಾಕು ಹೇಳಿದಳು. ನನ್ನ ಮೇಲೆ ಅವಳು ಒಂದು ದಿನವೂ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ನಾನು ವಾದವನ್ನಾದರೂ ಮಾಡಬಹುದಿತ್ತು.

ಒಂದು ಬೆಳಿಗ್ಗೆ ಕಾಕಾ ಪರದೆಯ ಮೇಲೆ ಬೆರಳಿಟ್ಟು ಹೇಳಿದರು, "ಇಲ್ನೋಡು. ತಲಿ ಮ್ಯಾಲೆ ತುರಾಯಿ ಇಟಗೊಂಡಾಂವ ಭಾಳ ಬರ್ತಾನ. ಪ್ರತಿಯೊಬ್ಬನ ಹಿಂದೂ ಅವನ. ಹಾಳಾದ ಮಾಲಿನ್ಯಾಗ ಹಿಂಗ ಇರಂಗಿಲ್ಲ." ಗೀರು ಹೊತ್ತ ಆ ಎ ಅವರಿಗೆ ತಲೆಗೆ ಸುತ್ತುವ ಪಟಕಾದ ಮೇಲಿನ ತುರಾಯಿಯಂತೆ ಕಂಡಿತ್ತು. ನಾನು ಹೌದು ಕಾಕಾ ಎಂದು, ಕಾಕುವಿನ ಕಡೆ ತಿರುಗಿ ಕಣ್ಸನ್ನೆ ಮಾಡಿದೆ. ಕಾಯಿಲೆಯವರ ಮಾತು ಎಂದು ಪಕ್ಕಕ್ಕಿಟ್ಟೆ. ಚರ್ಚೆಯಲ್ಲಿ ಯಾರಾದರೂ ಮಾತಿಗೆ ಉತ್ತರ ಕೊಡದೆ ಮಾತಾಡಿದವನ ಮೇಲೆ ಹೋದರೆ ಎದ್ದು ನಿಂತು ಆಕ್ಷೇಪಿಸುವವಳು ನಾನು.

ಕೊನೆಗೆ ನಾನು ಸುಳ್ಳು ಸಾಕ್ಷಿ ತಯಾರಿಸಲು ಹೊರಟೆ. ನೆನಪಿದ್ದ ಹತ್ತು ಹನ್ನೆರಡು ಪುಟಗಳನ್ನು ಕಾಕಾನ ಧಾಟಿಯಲ್ಲಿ ಬರೆಸಿ, ಅದೇ ಕಡತದಲ್ಲಿ ಸೇರಿಸಿ, ನೋಡಿ, ಇವು ಉಳಿದಿದ್ದವು ಎಂದು ತೋರಿಸುವುದು. ನನಗೆ ಕನ್ನಡ ಓದಲು ಬರುತ್ತದೆ, ಟೈಪು ಬಾರದು. ಪಿಂಪ್ರಿಯಲ್ಲಿ ನಮ್ಮವರ ಮದುವೆಯ ಕಾರ್ಡುಗಳನ್ನು ಕನ್ನಡದಲ್ಲಿ ಮಾಡಿಕೊಡುವ ಶಾಂತಪ್ಪ ಎಂಬ ಹಿರಿಯರ ಸಣ್ಣ ಪ್ರೆಸ್ಸಿದೆ. ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೆ ಹೋದೆ.

ಎಲ್ಲಿ ಸೇರಿಸಬೇಕು ತೋರಿಸಿ ಎಂದರು. ಕಡತ ತೆರೆದೆ. ಅವರು ಅಲ್ಲಿದ್ದ ಒಂದು ಪುಟದ ಮೇಲೆ ಒತ್ತಿ, ಪರದೆಗೆ ಮುಖ ಹತ್ತಿರ ತಂದು, ತಮ್ಮಷ್ಟಕ್ಕೆ ತಾವೇ ಗೊಣಗಿಕೊಳ್ಳುವವರಂತೆ ಓದತೊಡಗಿದರು: "ಮುಂಜಾನೆ ಪಾಟೀಲರ ಮಗಾ ಬಂದಿದ್ದ. ಚಹಾ ಕುಡೀಲಿಲ್ಲ..."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಏನು ಓದುತ್ತಿದ್ದೀರಿ, ಹೇಗೆ ಓದುತ್ತಿದ್ದೀರಿ ಎಂದರೆ ಅವರಿಗೇ ಆಶ್ಚರ್ಯ.

"ಕನ್ನಡ ಅದಲ್ರಿ ಇದು. ಹಳೇ ಕಾಲದ ಫಾಂಟಿನ್ಯಾಗ ಹೊಡದಾರ, ನಮಗ ಇಂಥಾದು ದಿನಾ ನೋಡಿ ರೂಢಿ. ನಿಮ್ಮ ಮಿಷಿನ್ನಿನ್ಯಾಗ ಆ ಫಾಂಟ್ ಹಾಕಿಲ್ಲ, ಅಷ್ಟ. ಈಗಿನ ಕನ್ನಡಕ್ಕ ಅದು ಬೇಕಾಗಂಗಿಲ್ಲ, ಇದಕ್ಕ ಬೇಕು. ಮಂದಿ ಬಂದಾರ, ಅವರ ಅಂಗಿ ಹಿಂದ ಉಳದಾವ." ಗೀರಿನ ಎ ಮೇಲೆ ಪೆನ್ನಿನ ತುದಿ ಇಟ್ಟರು. "ಇದು ತಲಕಟ್ಟು. ಅದಕ್ಕ ಎಲ್ಲಾರ ಹಿಂದೂ ಇರ್ತದ."

ತಲಕಟ್ಟು. ಅಕ್ಷರದ ತಲೆಯ ಮೇಲಿನ ತುರಾಯಿ. ಕಾಕಾ ನೋಡಿದ್ದರು. ಕೆಡುತ್ತಿದ್ದ ಆ ತಲೆ ನಾನು ನೋಡದ್ದನ್ನು ನೋಡಿ, ಬೆರಳಿಟ್ಟು ತೋರಿಸಿತ್ತು. ಶಾಂತಪ್ಪನವರು ತಮ್ಮ ಪೆನ್‌ಡ್ರೈವಿನಿಂದ ಫಾಂಟ್ ಹಾಕಿಕೊಟ್ಟರು. ಒಂದು ನಿಮಿಷದ ಕೆಲಸ. ಪುಟದ ಮೇಲಿನ ಕಸ ಒಮ್ಮೆಲೇ ಕನ್ನಡವಾಗಿ ನಿಂತಿತು. ನಾನು ಅಲ್ಲೇ, ಯಾರದೋ ಮದುವೆಯ ಕಾರ್ಡಿನ ಕಟ್ಟುಗಳ ಮೇಲೆ ಕೂತು ಅತ್ತೆ.

ಮನೆಗೆ ಬಂದು ಪರದೆಯನ್ನು ಕಾಕಾನ ಮುಂದಿಟ್ಟೆ. ಕೊನೆಯ ಪುಟ, ಆ ಭಾನುವಾರದ ಹಿಂದಿನ ಸಂಜೆಯದು. ಅವರು ಗಟ್ಟಿಯಾಗಿ ಓದಿದರು: "ನಾಳೆ ವಕೀಲಬಾಯಿ ಬರ್ತಾಳ. ಹಳೇ ಡಬ್ಬಿ ಹೊಸ ಡಬ್ಬಿಗೆ ಹಾಕ್ತಾಳ. ತೆರೆದು ನೋಡಿದ ಮ್ಯಾಲೆ ಸಹಿ. ಆಕಿ ವಾದಾ ಮಾಡ್ತಾಳ. ಬಗ್ಗಬಾರದು."

ಆ ಭಾನುವಾರ ಬೆಳಿಗ್ಗೆ ಅವರು ಇದನ್ನು ಓದಿಯೇ ನನ್ನ ಪಕ್ಕ ಕೂತಿದ್ದರು. ಕಾಕು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಕಾಕಾ ಮಾತ್ರ ಮತ್ತೊಮ್ಮೆ ಓದಿ, ತಲೆದೂಗಿ, "ಬರದಾಂವ ಸ್ಟೋರಿನ ಕೆಲಸಾ ಬಲ್ಲಾಂವ" ಎಂದರು.

ನೀವೇ ಬರೆದದ್ದು ಎಂದು ನಾನು ಎಷ್ಟು ಹೇಳಿದರೂ ಅವರು ಪೂರ್ತಿ ಒಪ್ಪಲಿಲ್ಲ. ಮೂರು ವಾರದ ಬೆಳಗುಗಳು ಏನನ್ನೋ ಒಡೆದಿದ್ದವು. ಅಥವಾ ಕಾಯಿಲೆ ತನ್ನ ಪಾಡಿಗೆ ತಾನು ನಡೆದಿತ್ತು. ಯಾವುದು ಎಂದು ತೋರಿಸಲು ನನ್ನಲ್ಲಿ ಸಾಕ್ಷಿಯಿಲ್ಲ, ಹಾಗಾಗಿ ನನಗೆ ನಿದ್ದೆಯೂ ಸರಿಯಾಗಿಲ್ಲ. ಹೊಸ ಪುಟವನ್ನು ಅವರು ಮತ್ತೆ ಬರೆಯಲಿಲ್ಲ. ಹಳೆಯವನ್ನು ಮಾತ್ರ ಮೊದಲಿನಿಂದ ಓದತೊಡಗಿದರು, ದಿನಕ್ಕೊಂದೋ ಎರಡೋ, ಬೇರೊಬ್ಬರ ಮನೆಯ ಸುದ್ದಿಯಂತೆ. ಕಣ್ಣಿನ ಅಂಜಿಕೆ ಹೋಗಿತ್ತು. ಡ್ಯೂಟಿಗೆ ಹಾಜರಾದೆ ಎನ್ನುವುದೂ ಹೋಗಿತ್ತು.

ಕೊನೆಯ ಸಲ ನಾನು ಅವರೊಂದಿಗೆ ಕೂತದ್ದು ಗ್ಯಾಲರಿಯಲ್ಲೇ. ಲ್ಯಾಪ್‌ಟಾಪ್ ತೊಡೆಯ ಮೇಲಿತ್ತು. ಓದುತ್ತ ಓದುತ್ತ ನಕ್ಕರು.

"ಈ ಹುಡುಗಿ ಯಾರು? ದಿನಾ ಬರ್ತಾಳ, ದಿನಾ ವಾದಾ ಮಾಡ್ತಾಳ."

"ಈಗ ಬಿಟ್ಟಾಳಂತ್ರಿ ಕಾಕಾ" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಬಾಗಿಲಲ್ಲಿ ಪೇಢೆ ಎಣಿಸಿದ ದಿನ ನೋಡಿದಂತೆ. "ಹಂಗ ಬಿಡಬಾರದು. ದನಿ ಛಲೋ ಅದ ಆಕಿದು. ಕಂಡ್ರ ಹೇಳು."

ಹೇಳುತ್ತೇನೆ ಎಂದೆ. ಆ ವಾರವೇ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಕಾಕು ಅವರ ಅಂಗಿಯ ಕಿಸೆಯಲ್ಲಿದ್ದ ನಾಲ್ಕು ಮಡಿಕೆಯ ಚೀಟಿಯನ್ನು ನನಗೆ ತಂದುಕೊಟ್ಟಳು. ಬೆವರಿಗೆ ಮೆತ್ತಗಾಗಿತ್ತು. ಬಿಡಿಸಿದೆ. ಹಿಂಬದಿಯ ತುಂಬ ಪೆನ್ಸಿಲಿನ ಸಣ್ಣ ಸಣ್ಣ ಗುರುತುಗಳು, ಐದೈದರ ಗುಂಪು ಮಾಡಿ. ತೆರೆದು ನೋಡಿದ ಒಂದೊಂದು ಪುಟಕ್ಕೆ ಒಂದೊಂದು ಗೀರು. ಯಾರ ಪುಟವೆಂದು ಗೊತ್ತಿಲ್ಲದೆಯೂ ಮಾಲನ್ನು ತಪಾಸಣೆ ಮಾಡುತ್ತಲೇ ಇದ್ದರು. ಎಣಿಸಿದೆ. ಇನ್ನೂರ ಆರು.

ಸಹಿಯ ಜಾಗ ಖಾಲಿ ಇದೆ. ಲ್ಯಾಪ್‌ಟಾಪ್ ಈಗ ನನ್ನ ಹತ್ತಿರವೇ ಇದೆ. ಬೆಳಿಗ್ಗೆ ಮುಖ ತೊಳೆದು, ಅವರು ಬಿಟ್ಟಲ್ಲಿಂದ ಮುಂದೆ ಒಂದು ಪುಟ ತೆರೆಯುತ್ತೇನೆ, ಕೊನೆಯ ಸಾಲಿನವರೆಗೆ ಓದುತ್ತೇನೆ, ಪೆನ್ಸಿಲಿನಿಂದ ಒಂದು ಗೀರು ಎಳೆಯುತ್ತೇನೆ. ಇಂದಿನದು ಇನ್ನೂರ ನಲವತ್ತೊಂದನೆಯದು. ಅದರಲ್ಲಿ ಕಾಕುಗೆ ಸಿಟ್ಟು ಬಂದಿದೆ. ಕಾರಣ ಬರೆದಿಲ್ಲ.